ದಪ್ಪ ದ್ರಾಕ್ಷಿ, ಪುಟ್ಟ ಬಾಯಿ

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ರಸ್ತೆಯ ಊರುಗಳಲ್ಲಿ ಒಬ್ಬೊಬ್ಬ ರೈತನಿಗೆ ಒಂದೊಂದು ಹೆಸರು. ಒಬ್ಬ ರೇಷ್ಮೆಗೂಡಿನ ದರಕ್ಕೆ ಹೆಸರುವಾಸಿ, ಇನ್ನೊಬ್ಬ ಸೀಮೆಹಸುವಿನ ಹಾಲಿಗೆ, ಮತ್ತೊಬ್ಬ ಬದುವಿನ ಜಗಳಕ್ಕೆ. ಮುನಿವೆಂಕಟಪ್ಪ ಹೆಸರು ಮಾಡಿದ್ದು ದ್ರಾಕ್ಷಿಯ ದಪ್ಪಕ್ಕೆ. ಅವನ ತೋಟದ ದಿಲ್‌ಖುಷ್ ತಳಿಯ ಗೊಂಚಲು ಹಿಡಿದ ವ್ಯಾಪಾರಿಗಳು ಮೊದಲು ರೇಟು ಕೇಳುತ್ತಿರಲಿಲ್ಲ, ಇದು ದ್ರಾಕ್ಷಿಯೋ ಬೋರೆಹಣ್ಣೋ ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೇ ಗಂಡ ವರ್ಷವಿಡೀ ದುಡಿಯುತ್ತಾನೆ ಎಂದು ಹೆಂಡತಿ ಮುನಿಗಂಗಮ್ಮ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಇಂಥವನಿಗೆ ಕಾರ್ತೀಕ ಮಾಸದಲ್ಲಿ ಮೊಮ್ಮಗಳು ಹುಟ್ಟಿದಳು. ಸೊಸೆ ಯಾಮಿನಿಯ ತವರು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿ. ಹೆರಿಗೆ, ಬಾಣಂತನ, ನಾಮಕರಣ ಎಲ್ಲ ಅಲ್ಲೇ ಆಯಿತು. ಕೂಸಿಗೆ ಮೌನಿಕಾ ಎಂದು ಹೆಸರಿಟ್ಟರು. ಇಟ್ಟವರು ಸ್ವಲ್ಪ ತಡೆದು ನೋಡಬಹುದಿತ್ತು, ಏಕೆಂದರೆ ಹುಟ್ಟಿದ ದಿನದಿಂದ ಆ ಹುಡುಗಿ ಒಂದು ಗಳಿಗೆ ಬಾಯಿ ಮುಚ್ಚಿದ್ದಿಲ್ಲ. ಅತ್ತರೂ ಊರಿಗೆ ಕೇಳಬೇಕು, ನಕ್ಕರೂ ಊರಿಗೆ ಕೇಳಬೇಕು. ಮನೆಯವರ ಬಾಯಲ್ಲಿ ಅವಳು ಬುಜ್ಜಮ್ಮ.

ನಾಮಕರಣದ ದಿನ ಒಬ್ಬಟ್ಟಿನ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತಾಗ ಜಗಳ ಹುಟ್ಟಿತು. ಯಾಮಿನಿಯ ಅಪ್ಪ ನಲ್ಲಪ್ಪನಿಗೆ ಕೆಂಚಾರ್ಲಹಳ್ಳಿಯಲ್ಲಿ ಮಾವಿನ ತೋಪು. ತೋಪಿಗಿಂತ ದೊಡ್ಡದು ಅವನ ಬಾಯಿ. ನಮ್ಮ ಮನೆಯಲ್ಲಿ ಕಣ್ಣು ಬಿಟ್ಟ ಕೂಸು, ಅದರ ಬಾಯಿಗೆ ಮೊದಲು ಬೀಳುವ ಹಣ್ಣೂ ನಮ್ಮದೇ, ಬಾದಾಮಿ ಮಾವು, ಎಂದು ಅವನು ನೆಂಟರೆದುರು ಘೋಷಿಸಿಬಿಟ್ಟ. ಮುನಿವೆಂಕಟಪ್ಪನಿಗೆ ಬಾಯಲ್ಲಿದ್ದ ಎಲೆ ಅಡಿಕೆ ಕಹಿಯಾಯಿತು. ಮೊದಲೇ ಐದು ತಿಂಗಳು ಕೂಸು ಬೀಗರ ಮನೆಯಲ್ಲಿ ಇರುತ್ತದೆಂಬ ಹೊಟ್ಟೆಯುರಿ ಬೇರೆ. ಮೊದಲನೇ ಹಣ್ಣು ನಮ್ಮ ತೋಟದ ದ್ರಾಕ್ಷಿ, ಬೇಕಾದರೆ ಪಂದ್ಯ ಎಂದ. ಮಾತಿಗೆ ಮಾತು ಬೆಳೆದು ಪಂದ್ಯ ಗಟ್ಟಿಯಾಯಿತು. ಸೋತವನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, 'ನಿಮ್ಮ ಹಣ್ಣೇ ಮೇಲು' ಎನ್ನಬೇಕು. ಆ ಇಬ್ಬರಿಗೂ ಅದಕ್ಕಿಂತ ಒಂದು ಎಕರೆ ಬರೆದುಕೊಡುವುದು ಸುಲಭವಿತ್ತು.

ಊರಿಗೆ ಬಂದ ಮುನಿವೆಂಕಟಪ್ಪ ಅಂದಿನಿಂದಲೇ ಕೆಲಸ ಶುರುಮಾಡಿದ. ತೋಟಕ್ಕೆಲ್ಲ ಆಗಲೇ ಚಾಟಣಿ ಆಗಿತ್ತು, ಅಂದರೆ ಕಡ್ಡಿ ಕತ್ತರಿಸಿ ಬಳ್ಳಿಯನ್ನು ಫಸಲಿಗೆ ಬಿಟ್ಟಾಗಿತ್ತು. ದನದ ಕೊಟ್ಟಿಗೆಯ ಪಕ್ಕದ ಒಂದು ಬಳ್ಳಿಯನ್ನು ಮಾತ್ರ ಅವನು ಸಂಕ್ರಾಂತಿ ಕಳೆಯುವವರೆಗೆ ಮುಟ್ಟಲಿಲ್ಲ. ಕೂಸಿಗೆ ಆರು ತಿಂಗಳು ತುಂಬುವುದು ಮೇ ತಿಂಗಳಲ್ಲಿ, ಹಣ್ಣೂ ಆಗಲೇ ಆಗಬೇಕು ಎಂಬ ಲೆಕ್ಕ. ಆ ಬಳ್ಳಿಗೆ ಔಷಧಿ ಹೊಡೆಯಲಿಲ್ಲ. ಕಾಯಿ ಉಬ್ಬಿಸುವ ದ್ರಾವಣದಲ್ಲಿ ಗೊಂಚಲು ಅದ್ದಲಿಲ್ಲ. ಮೊಮ್ಮಗಳ ಬಾಯಿಗೆ ಹೋಗುವುದಕ್ಕೆ ಅವೆಲ್ಲ ಬೇಡ ಎಂಬಷ್ಟು ವಿವೇಕ ಅವನಿಗಿತ್ತು.

ಆದರೆ ದಪ್ಪ ಬೇಕಲ್ಲ? ಅದಕ್ಕೆ ಅವನಿಗೆ ಗೊತ್ತಿದ್ದ ಹಳೆಯ ದಾರಿ ಒಂದೇ. ಕಾಯಿ ಮೆಣಸಿನ ಕಾಳಿನಷ್ಟಿರುವಾಗ ಸಣ್ಣ ಕತ್ತರಿ ಹಿಡಿದು ಗೊಂಚಲಿನಿಂದ ಕಾಯಿ ಉದುರಿಸುವುದು. ಉದುರಿದವುಗಳ ಪಾಲೂ ಉಳಿದವುಗಳಿಗೆ ಸಿಕ್ಕಿ ಅವು ಉಬ್ಬುತ್ತವೆ. ಮಾರುವ ಗೊಂಚಲಿನಲ್ಲಿ ಅರ್ಧ ಉದುರಿಸುವವನು ಮೊಮ್ಮಗಳ ಗೊಂಚಲಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬಿಟ್ಟ. ಸ್ಟೂಲಿನ ಮೇಲೆ ಕೂತು ಮೇಲೆ ನೋಡಿ ನೋಡಿ ಕತ್ತು ಹಿಡಿದುಕೊಂಡಿತು. ಮುನಿಗಂಗಮ್ಮ ನೀಲಗಿರಿ ಎಣ್ಣೆ ತಿಕ್ಕುತ್ತಾ, ನಮ್ಮ ಹರಿಕೃಷ್ಣ ಕೂಸಾಗಿದ್ದಾಗ ನೀನು ಒಂದು ದಿನ ಎತ್ತಿಕೊಂಡಿದ್ದು ನೆನಪಿಲ್ಲ, ಈಗ ನೋಡು, ಎಂದು ಕುಟುಕಿದಳು. ಗೌರಿಬಿದನೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುವ ಮಗ ಹರಿಕೃಷ್ಣ ಅದಕ್ಕೆ ನಗುತ್ತಾ ಎಣ್ಣೆ ಬಾಟಲಿ ಹಿಡಿದುಕೊಂಡು ನಿಂತ. ಏಪ್ರಿಲ್‌ನಲ್ಲಿ ಆಲಿಕಲ್ಲು ಬಿದ್ದ ಸಂಜೆ ಇಡೀ ತೋಟವನ್ನು ದೇವರಿಗೆ ಬಿಟ್ಟು, ಮುನಿವೆಂಕಟಪ್ಪ ಹೆಂಡತಿಯ ಗೌರಿ ಹಬ್ಬದ ಸೀರೆ ಎಳೆದುಕೊಂಡು ಹೋಗಿ ಆ ಒಂದು ಬಳ್ಳಿಗೆ ಹೊದಿಸಿದ. ಸೀರೆಗೆ ತೂತು ಬಿತ್ತು, ಗೊಂಚಲು ಉಳಿಯಿತು. ಆ ಸೀರೆಯ ವಿಷಯ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮೇ ಬಂತು. ಆ ಬಳ್ಳಿಯ ಹಣ್ಣನ್ನು ನೋಡಿ ಮುನಿವೆಂಕಟಪ್ಪ ತಾನೇ ದಂಗಾದ. ಅವನ ಜನ್ಮದಲ್ಲಿ ಅಂಥ ದಪ್ಪ ಬಂದಿರಲಿಲ್ಲ. ಉಂಡುಂಡಗೆ, ನುಣ್ಣಗೆ, ಗಟ್ಟಿಯಾಗಿ, ಬೆಳಕಿಗೆ ಹಿಡಿದರೆ ಒಳಗಿನ ನರ ಕಾಣುವಂಥ ಹಣ್ಣು. ಪ್ರೀತಿ ಹೆಚ್ಚಾದಷ್ಟೂ ಹಣ್ಣು ದಪ್ಪ ಮಾಡುವುದು ಅವನು ಕಲಿತ ವಿದ್ಯೆ. ಹಣ್ಣಿನ ಅಳತೆ ಅವನಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು. ಅದು ಹೋಗಬೇಕಾದ ಬಾಯಿಯ ಅಳತೆಯನ್ನು ಮಾತ್ರ ಅವನು ತೆಗೆದುಕೊಂಡಿರಲಿಲ್ಲ.

ಯಾಮಿನಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಳು. ಅವಳು ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಮೇಡಂ, ಈಗ ರಜೆಯ ಮೇಲಿದ್ದಳು. ಮಕ್ಕಳ ಡಾಕ್ಟರು ಹೇಳಿದ್ದನ್ನೆಲ್ಲ ಪಾಠದ ಹಾಗೆ ಒಪ್ಪಿಸುವವಳು. ಕೂಸು ಒರಗು ಕೊಟ್ಟರೆ ಕೂರುತ್ತಿತ್ತು, ಕತ್ತು ನಿಂತಿತ್ತು, ದೊಡ್ಡವರ ತಟ್ಟೆ ಕಂಡರೆ ಕೈ ಚಾಚುತ್ತಿತ್ತು. ಮೊದಲು ತೆಳ್ಳಗೆ ರಾಗಿ ಸರಿ ಶುರುವಾಯಿತು. ಅದು ಒಗ್ಗಿದ ಮೇಲೆ ಹಣ್ಣು, ಒಂದು ಸಲಕ್ಕೆ ಒಂದೇ ಹೊಸ ಹಣ್ಣು, ಮೂರು ದಿನ ನೋಡಿ ಮೈಮೇಲೆ ಗಂಧೆ, ಹೊಟ್ಟೆ ಕೆಡುವುದು ಏನೂ ಇಲ್ಲದಿದ್ದರೆ ಇನ್ನೊಂದು. ಸಕ್ಕರೆ ಬೇಡ, ಉಪ್ಪು ಬೇಡ, ವರ್ಷ ತುಂಬುವವರೆಗೆ ಜೇನುತುಪ್ಪ ನಾಲಿಗೆಗೆ ಸವರುವುದೂ ಬೇಡ. ಮುನಿಗಂಗಮ್ಮ ಜೇನಿನ ಬಾಟಲಿಯನ್ನು ಸದ್ದಿಲ್ಲದೆ ಅಟ್ಟಕ್ಕೆ ಏರಿಸಿದಳು.

ಮುನಿವೆಂಕಟಪ್ಪ ಸಮಯ ನೋಡಿ ಗಂಟಲು ಸರಿಮಾಡಿಕೊಂಡು, ಮೊದಲನೇ ಹಣ್ಣು ದ್ರಾಕ್ಷಿ ತಾನೇ ಎಂದು ಕೇಳಿದ. ಯಾಮಿನಿ ತಲೆಯಾಡಿಸಿದಳು, ಅಡ್ಡಡ್ಡವಾಗಿ.

"ದ್ರಾಕ್ಷಿ ಬೇಡ ಮಾವ. ದುಂಡಗಿರುತ್ತೆ, ಜಾರುತ್ತೆ, ಗಟ್ಟಿಯಾಗಿರುತ್ತೆ. ಮೂರೂ ಇರೋ ಹಣ್ಣು ಅಂದ್ರೆ ಅದೊಂದೇ. ಹಂಗೇ ಇಡೀದು ಕೊಟ್ರೆ..."

ಅವನಿಗೆ ಮುಂದಿನ ಮಾತು ಕೇಳಿಸಲೇ ಇಲ್ಲ. ದುಂಡಗಿರಬೇಕು, ನುಣುಪಿರಬೇಕು, ಗಟ್ಟಿಯಿರಬೇಕು ಎಂದು ಮೂವತ್ತು ವರ್ಷದಿಂದ ಬಳ್ಳಿಯ ಕಾಲು ಹಿಡಿದವನು ಅವನು. ಆ ಮೂರನ್ನೇ ಸೊಸೆ ತಪ್ಪಿನ ಹಾಗೆ ಎಣಿಸಿದ್ದು ಅವನ ಎದೆಗೆ ನಾಟಿತು. ಅವಳು ಇನ್ನೂ ಏನೋ ಹೇಳುತ್ತಿದ್ದಳು, ಸೀಳುವುದು, ಸಿಪ್ಪೆ, ಹೀಗೆ ಏನೇನೋ. ಅಷ್ಟರಲ್ಲಿ ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ತೋಟದ ದಾರಿ ಹಿಡಿದಾಗಿತ್ತು. ಇದೆಲ್ಲ ಕೆಂಚಾರ್ಲಹಳ್ಳಿಯ ಸಂಚು ಎಂದು ಬಳ್ಳಿಗೆ ಹೇಳಿದ. ಅಪ್ಪನ ಮಾವು ಗೆಲ್ಲಲಿ ಅಂತ ಮಗಳು ನನ್ನ ದ್ರಾಕ್ಷಿಗೆ ಕಲ್ಲು ಹಾಕುತ್ತಿದ್ದಾಳೆ.  ಬಳ್ಳಿ ಎದುರು ಹೇಳಿದ್ದರೂ ಆ ಹೊತ್ತಿಗೆ ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಮುನಿಗಂಗಮ್ಮ ಅವನಿಗೆ ಸಮಾಧಾನ ಹೇಳಿದ್ದು ನಿಜ. ಆದರೆ ಅವಳ ಮನಸ್ಸಿನಲ್ಲೂ ಒಂದು ಸಂಶಯವಿತ್ತು. ನಮ್ಮ ಕಾಲದಲ್ಲಿ ಇಷ್ಟೆಲ್ಲ ಎಲ್ಲಿತ್ತು, ಮಕ್ಕಳು ಬೆಳೆಯಲಿಲ್ಲವೇ ಎಂಬ ಸಂಶಯ. ಅದು ಎಲ್ಲ ಅಜ್ಜಿಯರಿಗೂ ಇರುವಂಥದ್ದೇ.

ಮುಂದಿನ ಭಾನುವಾರ ಬೆಳಿಗ್ಗೆ ನಲ್ಲಪ್ಪ ಬಂದಿಳಿದ. ಹುಲ್ಲು ಹಾಸಿದ ಬುಟ್ಟಿಯಲ್ಲಿ ತೋಪಿನಲ್ಲೇ ಕಾವಿಟ್ಟು ಹಣ್ಣು ಮಾಡಿದ ಬಾದಾಮಿ. ಬುಟ್ಟಿ ಅಂಗಳಕ್ಕೆ ಬರುವ ಮೊದಲೇ ವಾಸನೆ ಬಂದು ಕೂತಿತ್ತು. ಯಾಮಿನಿ ಒಂದು ಹಣ್ಣು ಒತ್ತಿ ನೋಡಿ, ಇದಾದರೆ ಆಗುತ್ತದೆ, ನಾರಿಲ್ಲ, ಕಿವುಚಿ ಎರಡು ಚಮಚ ಕೊಡಬಹುದು ಎಂದಳು. ತಟ್ಟೆ, ಬಟ್ಟಲು, ಪುಟ್ಟ ಚಮಚ ಬಿಸಿನೀರಲ್ಲಿ ತೊಳೆಯಲು ಒಳಗೆ ಹೋದಳು. ಮುನಿಗಂಗಮ್ಮ ಬೀಗರಿಗೆ ಕಾಫಿ ಇಡಲು ಅವಳ ಹಿಂದೆಯೇ ಹೋದಳು. ನಲ್ಲಪ್ಪ ಜಗಲಿಯ ಮೇಲೆ ಕಾಲು ಚಾಚಿ, ಕೆಂಚಾರ್ಲಹಳ್ಳಿಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಯಾರು ಯಾರು ಸಿಕ್ಕಿದರು, ಯಾರು ಏನಂದರು, ತಾನು ಅದಕ್ಕೆ ಏನಂದೆ ಎಂಬುದನ್ನು ಊರು ಊರು ಹಿಡಿದು ಹೇಳತೊಡಗಿದ. ಚಾಪೆಯ ಮೇಲೆ ದಿಂಬು ಒರಗಿ ಕೂತ ಬುಜ್ಜಮ್ಮ ಅವನಿಗೆ ಸರಿಸಮನಾಗಿ ಕಿರುಚುತ್ತಿದ್ದಳು.

ಮುನಿವೆಂಕಟಪ್ಪನಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಯಿತು. ತುತ್ತು ತನ್ನದು, ಬಾಯಿ ಮೊಮ್ಮಗಳದ್ದು, ಅಷ್ಟೇ ವ್ಯತ್ಯಾಸ. ಅವನು ಸದ್ದಿಲ್ಲದೆ ಕೊಟ್ಟಿಗೆಯ ಕಡೆ ಹೋಗಿ ಆ ಬಳ್ಳಿಯ ಮೊದಲ ಗೊಂಚಲು ಕತ್ತರಿಸಿ, ಹಂಡೆಯ ನೀರಲ್ಲಿ ಎರಡೆರಡು ಸಲ ತೊಳೆದು, ಟವೆಲ್ಲಿನ ಮರೆಯಲ್ಲಿ ತಂದ. ಒಳಗೆ ಬಟ್ಟಲಿನ ಸದ್ದು ಕೇಳುತ್ತಿತ್ತು. ಇನ್ನು ಒಂದು ಗಳಿಗೆಯಲ್ಲಿ ಮಾವು ಗೆಲ್ಲುತ್ತದೆ. ಅವನು ಚಾಪೆಯ ಪಕ್ಕ ಕೂತು, ಎಲ್ಲಕ್ಕಿಂತ ದಪ್ಪದ ಒಂದು ಹಣ್ಣು ಕಿತ್ತು, ಕೂಸಿನ ತುಟಿಯ ಹತ್ತಿರ ಹಿಡಿದ. ಬುಜ್ಜಮ್ಮ ಕಿರುಚುವುದು ನಿಲ್ಲಿಸಿ, ಗುಬ್ಬಿ ಮರಿಯ ಹಾಗೆ ಬಾಯಿ ತೆರೆದಳು.

ನಲ್ಲಪ್ಪ ನೋಡಿಬಿಟ್ಟ.

ಅವನು ಕೂಗಿದ್ದು ಕೂಸಿನ ಮೇಲಿನ ಕಾಳಜಿಗಲ್ಲ, ಪಂದ್ಯದ ಮೇಲಿನ ಕಾಳಜಿಗೆ. ಏನು ಬೀಗರೇ, ಕಳ್ಳದಾರಿಯಲ್ಲಿ ಗೆಲ್ಲೋದಾ, ಎಂದು ಎದ್ದು ಬಂದ. ಮುನಿವೆಂಕಟಪ್ಪನ ಕೈ ತುಟಿಯ ಹತ್ತಿರವೇ ನಿಂತಿತು. ನಲ್ಲಪ್ಪ ಗೊಂಚಲಿಗೆ ಕೈ ಹಾಕಿ ಒಂದು ಹಣ್ಣು ಕಿತ್ತು ಎತ್ತಿ ಹಿಡಿದು ನೋಡಿದ. ನಗು ತಡೆಯಲಾಗಲಿಲ್ಲ.

"ಇದೇನು ದ್ರಾಕ್ಷಿನಾ, ಗುಂಡು ಬದನೆಕಾಯಾ? ನೋಡೋಣ, ಒಳಗೇನಾದ್ರೂ ರುಚಿ ಇಟ್ಟಿದ್ದೀರೋ, ಬರೀ ನೀರೋ."

ಹಾಗೆಂದವನು ತಲೆ ಹಿಂದಕ್ಕೆ ಹಾಕಿ, ಕಡಲೆಕಾಯಿ ಬೀಜ ಎಸೆದುಕೊಳ್ಳುವ ಹಾಗೆ ಹಣ್ಣನ್ನು ಮೇಲಕ್ಕೆಸೆದು ಬಾಯಲ್ಲಿ ಹಿಡಿದ. ನಗು ಇನ್ನೂ ಮುಗಿದಿರಲಿಲ್ಲ. ಮಾತೂ ಮುಗಿದಿರಲಿಲ್ಲ. ನಗು, ಮಾತು, ದ್ರಾಕ್ಷಿ ಮೂರೂ ಒಂದೇ ಬಾಗಿಲಲ್ಲಿ ಎದುರಾದವು.

ಜಗಲಿ ಒಮ್ಮೆಲೇ ನಿಶ್ಶಬ್ದವಾಯಿತು. ನಲ್ಲಪ್ಪ ಬಾಯಿ ತೆರೆದುಕೊಂಡು ನಿಂತಿದ್ದ, ಅದರಿಂದ ಏನೂ ಬರುತ್ತಿರಲಿಲ್ಲ. ಮುನಿವೆಂಕಟಪ್ಪನಿಗೆ ಮೊದಲು ಖುಷಿಯೇ ಆಯಿತು, ಅದನ್ನು ಮುಚ್ಚಿಡಬಾರದು. ರುಚಿಗೆ ಬೀಗರ ಮಾತೇ ನಿಂತುಹೋಯಿತು ಎಂದುಕೊಂಡ. ಮದುವೆ ಮಾತುಕತೆಯ ದಿನದಿಂದ ಇವತ್ತಿನವರೆಗೆ ನಲ್ಲಪ್ಪ ಸುಮ್ಮನಿದ್ದದ್ದನ್ನು ಅವನು ನೋಡಿರಲಿಲ್ಲ. ಆಮೇಲೆ ಬೀಗರ ಕೈ ಗಂಟಲಿಗೆ ಹೋಯಿತು. ಮುಖ ಕೆಂಪಾಗಿ, ಕೆಂಪು ಕಪ್ಪಾಗತೊಡಗಿತು. ಕಣ್ಣು ದೊಡ್ಡದಾಯಿತು. ಕೆಮ್ಮಿಲ್ಲ, ಉಸಿರಿಲ್ಲ, ಸದ್ದಿಲ್ಲ.

ಅಷ್ಟು ಹೊತ್ತು ಎರಡು ಬಾಯಿಂದ ಬರುತ್ತಿದ್ದ ಗಲಾಟೆ ನಿಂತದ್ದಕ್ಕೇ ಯಾಮಿನಿಗೆ ಅನುಮಾನ ಬಂತೇನೋ. ಮಾವಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು ಒಮ್ಮೆ ನೋಡಿ ಬಟ್ಟಲನ್ನು ಅಲ್ಲೇ ಇಟ್ಟಳು. ಕೂಗಲಿಲ್ಲ. ಅಪ್ಪನ ಪಕ್ಕಕ್ಕೆ ಹೋಗಿ, ಒಂದು ಕೈ ಎದೆಗೆ ಕೊಟ್ಟು, ಅವನನ್ನು ಸೊಂಟದಿಂದ ಮುಂದಕ್ಕೆ ಬಗ್ಗಿಸಿದಳು. ಇನ್ನೊಂದು ಅಂಗೈಯ ಬುಡದಿಂದ ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಬಲವಾಗಿ ಗುದ್ದಿದಳು. ಮತ್ತೆ ಗುದ್ದಿದಳು. ಆ ಮಗಳನ್ನು ಹೂವಿನ ಹಾಗೆ ಬೆಳೆಸಿದೆ ಎಂದು ನಲ್ಲಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ. ಅಂಥ ಗುದ್ದು ಆ ಹೂವಿನಲ್ಲಿ ಇತ್ತು ಎಂದು ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಗುದ್ದಿಗೆ ಹಣ್ಣು ಹೊರಗೆ ಹಾರಿತು. ಜಗಲಿಯ ಕಲ್ಲಿನ ಮೇಲೆ ಪುಟಿದು, ಉರುಳಿ, ಮುನಿವೆಂಕಟಪ್ಪನ ಕಾಲ ಹತ್ತಿರ ಬಂದು ನಿಂತಿತು. ಒಂದು ಗೀರಿಲ್ಲ. ದುಂಡಗೆ, ನುಣ್ಣಗೆ, ಗಟ್ಟಿಯಾಗಿ, ಬಳ್ಳಿಯಲ್ಲಿದ್ದಾಗ ಹೇಗಿತ್ತೋ ಹಾಗೇ ಇತ್ತು.

ನಲ್ಲಪ್ಪ ನೆಲಕ್ಕೆ ಕೂತು ಉಸಿರೆಳೆದುಕೊಂಡು ಕೆಮ್ಮತೊಡಗಿದ. ಕಾಫಿ ಲೋಟ ಹಿಡಿದು ಓಡಿಬಂದ ಮುನಿಗಂಗಮ್ಮ "ಅಯ್ಯೋ ದೇವುಡಾ" ಎನ್ನುತ್ತಾ ಅವನ ಬೆನ್ನು ಸವರಿದಳು. ಆ ಕೆಮ್ಮು ಕೇಳುವುದಕ್ಕೆ ಅಷ್ಟು ಚೆನ್ನಾಗಿತ್ತು ಎಂದು ಆಮೇಲೆ ಅವಳೇ ಹೇಳಿದಳು. ಈ ಗಲಾಟೆಯಲ್ಲಿ ಯಾರೂ ಮುನಿವೆಂಕಟಪ್ಪನ ಕಡೆ ನೋಡಲಿಲ್ಲ.

ಅವನ ಕೈಯಲ್ಲಿ ಇನ್ನೊಂದು ಹಣ್ಣು ಇನ್ನೂ ಇತ್ತು. ನೆಲದ ಮೇಲಿನದರ ಅವಳಿಯ ಹಾಗೆ. ಅದರ ಎದುರು ಬುಜ್ಜಮ್ಮ ಇನ್ನೂ ಬಾಯಿ ತೆರೆದುಕೊಂಡೇ ಕೂತಿದ್ದಳು, ತಾತ ಯಾವಾಗ ಕೊಡುತ್ತಾನೆ ಎಂದು. ಒಂದು ಹಲ್ಲಿಲ್ಲದ, ಗುಲಾಬಿ ಬಣ್ಣದ, ಪುಟ್ಟ ಬಾಯಿ. ಅದರ ಹಿಂದೆ ಇರುವ ದಾರಿ ಇನ್ನೆಷ್ಟು ಸಣ್ಣದು ಎಂದು ಅವನು ಮೊದಲ ಸಲ ನೋಡಿದ. ಕಣ್ಣಳತೆಯಲ್ಲಿ ಅವನು ಯಾವತ್ತೂ ತಪ್ಪಿದವನಲ್ಲ. ಬೆಂಡು ಬಾಟಲಿಗೆ ಕೂರುವ ಹಾಗೆ ಆ ಹಣ್ಣು ಆ ಗಂಟಲಿಗೆ ಕೂರುತ್ತಿತ್ತು. ಅವನಿಗೆ ಹೆದರಿಕೆಯಾಯಿತು. ಆಲಿಕಲ್ಲಿಗೆ ಆಗದ, ಬೆಲೆ ಬಿದ್ದಾಗ ಆಗದ ಹೆದರಿಕೆ. ಹಣ್ಣನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಎದ್ದು ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂತ. 

ಮುನಿಗಂಗಮ್ಮ ಹುಡುಕಿಕೊಂಡು ಬಂದಳು. ಅವನು ಮುಷ್ಟಿ ಬಿಚ್ಚಿ ತೋರಿಸಿದ. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬೈಯಬೇಕೆಂದು ಬಂದವಳು ಪಕ್ಕದಲ್ಲೇ ಕುಕ್ಕರಿಸಿದಳು.

"ಕೊಟ್ಟುಬಿಡ್ತಿದ್ದೆ ಕಣೇ," ಎಂದ ಅವನು. "ಆವಯ್ಯ ಕೂಗದೇ ಹೋಗಿದ್ರೆ ಬಾಯೊಳಕ್ಕೆ ಇಟ್ಟುಬಿಡ್ತಿದ್ದೆ."

ಮುನಿಗಂಗಮ್ಮ ಅವನ ಅಂಗೈಯಿಂದ ಹಣ್ಣನ್ನು ಎತ್ತಿಕೊಂಡಳು. ಅವಳು ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ರೇಷ್ಮೆಹುಳು ಸಾಕಿದವಳು. ಈಗ ಬೆಳೆದ ಹುಳುವನ್ನೇ ಹೊರಗಿನಿಂದ ತರುತ್ತಾರೆ. ಆಗ ಮೊಟ್ಟೆಯಿಂದ ಎದ್ದ ಚಾಕಿ ಹುಳು, ಇರುವೆಗಿಂತ ಸಣ್ಣದು, ಮನೆಯಲ್ಲೇ ಸಾಕಬೇಕಿತ್ತು.

"ಚಾಕಿ ಹುಳಕ್ಕೆ ಯಾವತ್ತಾದ್ರೂ ಸೊಪ್ಪಿನ ರೆಂಬೆ ಹಂಗೇ ಹಾಕಿದ್ದೀವಾ?" ಎಂದಳು. "ಚಿಗುರು ನೋಡಿ ಕಿತ್ತು, ಸಣ್ಣಕ್ಕೆ ಹೆಚ್ಚಿ, ಉದುರಿಸ್ತಿದ್ದೆ. ನೀನೇ ಚಾಕು ಮಸೆದು ಕೊಡ್ತಿದ್ದೆ. ಹುಳಕ್ಕೆ ಗೊತ್ತಿದ್ದ ನ್ಯಾಯ ಮೊಮ್ಮಗಳ ಹತ್ರ ಬಂದಾಗ ಇಬ್ರಿಗೂ ಮರೆತೋಯ್ತು ನೋಡು."

ಇಬ್ಬರಿಗೂ ಎಂದಳಲ್ಲ, ಅದರಿಂದ ಅವನಿಗೆ ಎಷ್ಟೋ ಹಗುರವಾಯಿತು. ಮುಖ ತೊಳೆದುಕೊಂಡು ಜಗಲಿಗೆ ಬಂದ. ನಲ್ಲಪ್ಪ ಬಿಸಿನೀರು ಗುಟುಕರಿಸುತ್ತಾ ಗೋಡೆಗೆ ಒರಗಿದ್ದ. ಯಾಮಿನಿ ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದಳು, ಮಾವಿನ ಬಟ್ಟಲು ಇನ್ನೂ ಮುಟ್ಟದೆ ಪಕ್ಕದಲ್ಲಿತ್ತು. ಪಂದ್ಯ ಇನ್ನೂ ಹಾಗೇ ಇತ್ತು. ಬೇಕಾಗಿದ್ದರೆ ಇನ್ನೂ ಜಗಳವಾಡಬಹುದಿತ್ತು.

ಮುನಿವೆಂಕಟಪ್ಪ ಎದ್ದು ನಿಲ್ಲಬೇಕಾಗಿರಲಿಲ್ಲ, ನಿಂತೇ ಇದ್ದ. ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬೀಗರೇ, ನಿಮ್ಮ ಹಣ್ಣೇ ಮೇಲು," ಎಂದ. "ಮೊದಲು ಮಾವು ಕೊಡಮ್ಮ ಕೂಸಿಗೆ. ಆಮೇಲೆ ಅವತ್ತು ದ್ರಾಕ್ಷಿ ವಿಚಾರ ಏನೋ ಹೇಳ್ತಿದ್ದೆಯಲ್ಲ, ಅದನ್ನ ಮೊದ್ಲಿಂದ ಹೇಳು. ಈ ಸಲ ಪೂರ್ತಿ ಕೇಳಿಸ್ಕೊಂತೀನಿ."

ಗೆದ್ದ ನಲ್ಲಪ್ಪನಿಗೆ ಗೆದ್ದಂತೆ ಮಾತಾಡಲು ಗಂಟಲಿರಲಿಲ್ಲ. ಅವನು ಕೈ ಮುಗಿದ, ಅಷ್ಟೇ. ಬುಜ್ಜಮ್ಮ ಮಾವಿನ ಮೊದಲ ಚಮಚಕ್ಕೆ ಮುಖ ಕಿವುಚಿ, ಅರ್ಧ ಗಲ್ಲಕ್ಕೆ ಹರಿಸಿ, ಇನ್ನರ್ಧ ನುಂಗಿ, ಚಮಚವನ್ನೇ ಕಿತ್ತುಕೊಳ್ಳಲು ಹೋದಳು.

ಯಾಮಿನಿ ಆಮೇಲೆ ಎಲ್ಲ ಹೇಳಿದಳು, ಮಾವ ಎದುರು ಕೂತು ಕೇಳಿಸಿಕೊಂಡ. ದ್ರಾಕ್ಷಿ ಕೊಡಬಾರದು ಎಂದಲ್ಲ, ಇಡಿಯಾಗಿ ಕೊಡಬಾರದು. ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು. ಅಡ್ಡಕ್ಕೆ ಕೊಯ್ದರೆ ಮತ್ತೆ ದುಂಡು ಬಿಲ್ಲೆಯೇ ಆಗುತ್ತದೆ. ಸಿಪ್ಪೆ ತೆಗೆದು, ಬೀಜವಿದ್ದರೆ ತೆಗೆದು, ಬೆರಳಲ್ಲಿ ಒತ್ತಿ ಮೆತ್ತಗೆ ಮಾಡಬೇಕು. ಕೂಸು ನೆಟ್ಟಗೆ ಕೂತಿರಬೇಕು, ಮಲಗಿರುವಾಗ, ನಗಿಸುವಾಗ, ಆಡಿಸುವಾಗ ಕೊಡಬಾರದು. ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು, ಕಣ್ಣು ಕೂಸಿನ ಮೇಲೇ ಇರಬೇಕು. ಎಷ್ಟು ವರ್ಷ ಹೀಗೆ ಎಂದು ಅವನು ಕೇಳಿದ. ಸೀಳಿ ಕೊಡುವುದು ಐದು ವರ್ಷ ತುಂಬುವವರೆಗೂ ಎಂದಳು. ಅಪ್ಪನ ಕಡೆ ಒಮ್ಮೆ ನೋಡಿ, ಕೆಲವರಿಗೆ ಅದಕ್ಕಿಂತ ಜಾಸ್ತಿ ಎಂದೂ ಸೇರಿಸಿದಳು.

ಮಾವಿನ ಮೂರು ದಿನ ಕಳೆಯಬೇಕಿತ್ತು. ಗಂಟಲು ನೋವೆಂದು ನೆಪ ಹೇಳಿ ನಲ್ಲಪ್ಪ ಬಸ್ಸು ಹತ್ತಲಿಲ್ಲ. ನಿಜ ಏನೆಂದರೆ ಕೂಸು ದ್ರಾಕ್ಷಿ ತಿನ್ನುವುದನ್ನು ಅವನಿಗೂ ನೋಡಬೇಕಿತ್ತು. ಬುಜ್ಜಮ್ಮನ ಮೈಯಲ್ಲಿ ಒಂದು ಗಂಧೆ ಏಳಲಿಲ್ಲ, ಹೊಟ್ಟೆ ಕೆಡಲಿಲ್ಲ, ಗಲಾಟೆ ಕಡಿಮೆಯಾಗಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಮುನಿವೆಂಕಟಪ್ಪ ಕನ್ನಡಕ ಹಾಕಿಕೊಂಡು, ತೊಳೆದ ಮಣೆ, ಮಸೆದ ಚಾಕು ಇಟ್ಟುಕೊಂಡು ಜಗಲಿಯಲ್ಲಿ ಕೂತ. ಒಂದು ಹಣ್ಣನ್ನು ಉದ್ದಕ್ಕೆ ಇಟ್ಟು ಮೊದಲ ಸೀಳು ಹಾಕಿದಾಗ ಕೈ ಒಂದು ಕ್ಷಣ ತಡೆಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸ್ಟೂಲಿನ ಮೇಲೆ ಕೂತು ಕತ್ತು ಹಿಡಿಸಿಕೊಂಡಿದ್ದು, ಆಲಿಕಲ್ಲಿನಲ್ಲಿ ಓಡಿದ್ದು, ಸೀರೆಯ ತೂತಿಗೆ ಇನ್ನೂ ಬೈಸಿಕೊಳ್ಳುತ್ತಿರುವುದು, ಎಲ್ಲ ಆ ದಪ್ಪಕ್ಕಾಗಿ. ಈಗ ದೊಣ್ಣೆ ತನ್ನ ಕೈಯಲ್ಲೇ. ಅರ್ಧ ಮಾಡಿದ, ಅರ್ಧದ ಅರ್ಧ ಮಾಡಿದ. ಉಗುರಿನಿಂದ ಸಿಪ್ಪೆ ಎಬ್ಬಿಸಿ ಸುಲಿದ. ವಿಚಿತ್ರವೆಂದರೆ ಕೆಲಸ ಮುಂದುವರಿದಂತೆ ಅವನಿಗೆ ಬೇಸರದ ಬದಲು ಹಟ ಬಂತು. ಇನ್ನೂ ಸ್ವಲ್ಪ ಸಣ್ಣ, ಇನ್ನೂ ಸ್ವಲ್ಪ ಮೆತ್ತಗೆ ಎಂದು, ಹಿಂದೆ ದಪ್ಪಕ್ಕೆ ಇಟ್ಟಿದ್ದ ಶ್ರದ್ಧೆಯನ್ನೆಲ್ಲ ಸಣ್ಣದಕ್ಕೆ ಇಟ್ಟ.

ನಲ್ಲಪ್ಪನಿಗೆ ಆ ಹೊತ್ತಿಗೆ ಗಂಟಲು ಸಾಕಷ್ಟು ವಾಸಿಯಾಗಿತ್ತು. ಬೀಗರೇ, ಈ ಸೈಜು ಯಾವ ಮಾರ್ಕೆಟ್ಟಿಗೆ ಹೋಗುತ್ತೆ, ಎಂದು ಕೆಣಕಿದ. ಮುನಿವೆಂಕಟಪ್ಪ ತಲೆ ಎತ್ತಲಿಲ್ಲ.

"ಇದು ನಮ್ಮ ಬುಜ್ಜಮ್ಮನ ಸೈಜು," ಎಂದ. "ಬೇರೆ ಯಾರಿಗೂ ಮಾರಾಕಿಲ್ಲ."

ನಲ್ಲಪ್ಪ ಸರಿದು ಬಂದು, ಕೂಸನ್ನು ತನ್ನ ತೊಡೆಯ ಮೇಲೆ ನೆಟ್ಟಗೆ ಕೂರಿಸಿ ಹಿಡಿದುಕೊಂಡ. ಮುನಿವೆಂಕಟಪ್ಪ ಒತ್ತಿ ಮೆತ್ತಗೆ ಮಾಡಿದ ಸೀಳನ್ನು ಬೆರಳ ತುದಿಯಲ್ಲಿ ಎತ್ತಿ ಕೊಟ್ಟ. ಬುಜ್ಜಮ್ಮ ಅದನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿದಳು. ಹುಳಿಗೆ ಒಂದು ಕಣ್ಣು ಮುಚ್ಚಿತು. ಆಮೇಲೆ ಓಕರಿಸಿದ ಹಾಗೆ ಮಾಡಿ, ನಾಲಿಗೆ ಹೊರಗೆ ಹಾಕಿ, ಗ್ಯಾಕ್ ಗ್ಯಾಕ್ ಎಂದು ಸದ್ದು ಮಾಡಿದಳು. ಇಬ್ಬರು ತಾತಂದಿರ ಜೀವವೂ ಬಾಯಿಗೆ ಬಂತು. ನಲ್ಲಪ್ಪ ಗುದ್ದಲು ಕೈ ಎತ್ತಿಯೇ ಬಿಟ್ಟ.

ಯಾಮಿನಿ ಅಪ್ಪನ ಕೈ ಹಿಡಿದು ಕೆಳಗಿಳಿಸಿದಳು.

"ಸದ್ದು ಬರ್ತಿದ್ರೆ ಭಯ ಬೇಡ, ಅವಳೇ ಸರಿಮಾಡ್ಕೊಂತಾಳೆ. ಸದ್ದು ನಿಂತಾಗ್ಲೇ ಭಯ."

ಭಾನುವಾರದ ಜಗಲಿಯ ನಿಶ್ಶಬ್ದ ಮೂವರಿಗೂ ಒಟ್ಟಿಗೆ ನೆನಪಾಯಿತು. ಬುಜ್ಜಮ್ಮ ಆ ಸೀಳನ್ನು ಮುಂದಕ್ಕೆ ತಂದು, ವಸಡಿನಲ್ಲಿ ಜಗಿದು, ನುಂಗಿ, ಇನ್ನೊಂದು ಎಲ್ಲಿ ಎಂದು ಊರಿಗೆ ಕೇಳುವ ಹಾಗೆ ಕಿರುಚಿದಳು. ಅಷ್ಟು ಹಿತವಾದ ಕಿರುಚಾಟವನ್ನು ಮುನಿವೆಂಕಟಪ್ಪ ತನ್ನ ಜೀವನದಲ್ಲಿ ಕೇಳಿರಲಿಲ್ಲ. ಅವನ ಕಣ್ಣು ತುಂಬಿತು. ಕನ್ನಡಕ ಇದ್ದದ್ದು ಒಳ್ಳೆಯದಾಯಿತು.

ಬುಜ್ಜಮ್ಮ ಇನ್ನೊಂದು ಸೀಳು ತಿಂದಳು. ಅದರ ಮುಂದಿನದ್ದನ್ನು ಮಣೆಯ ಮೇಲಿನಿಂದ ತಾನೇ ಮುಷ್ಟಿಯಲ್ಲಿ ಬಾಚಿ, ಅರ್ಧ ಹಿಸುಕಿ, ತನ್ನ ಬಾಯಿಗೆ ಹಾಕಿಕೊಳ್ಳುವ ಬದಲು ಎದುರಿಗಿದ್ದ ತಾತನ ಬಾಯಿಗೆ ತುರುಕಿದಳು. ಆ ಬಳ್ಳಿಯ ಹಣ್ಣನ್ನು ಅವನು ಅಲ್ಲಿಯವರೆಗೆ ಒಂದೂ ತಿಂದಿರಲಿಲ್ಲ, ಎಲ್ಲ ಅವಳಿಗೆಂದು ಇಟ್ಟಿದ್ದ. ಸಿಹಿಯಾಗಿತ್ತು. ಅವನು ಗಬಕ್ಕನೆ ನುಂಗಹೋದ.

"ಮಾವ," ಎಂದಳು ಯಾಮಿನಿ, "ಅಗಿದು ತಿನ್ನಿ."

ಮುನಿವೆಂಕಟಪ್ಪ ನೆಟ್ಟಗೆ ಕೂತು, ಆ ಚೂರು ದ್ರಾಕ್ಷಿಯನ್ನು ಬಹಳ ಹೊತ್ತು ಅಗಿದ.